ತೋಟದ ಹಣ್ಣುಗಳಲ್ಲಿರುವ ರಕ್ಷಕ ಸತ್ತ್ವಗಳು

ಬಾಳೆಕಾಯಿಯನ್ನು ಹೆಚ್ಚಿ ಹಾಗೆಯೇ ಇಟ್ಟರೆ ಹೋಳುಗಳು ಸ್ವಲ್ಪ ಹೊತ್ತಿನಲ್ಲಿಯೇ ಕಪ್ಪಾಗುವುದನ್ನೂ, ಹುಳಿಮಜ್ಜಿಗೆ ಬೆರೆಸಿದ ನೀರಿನಲ್ಲಿ ಹಾಕಿದರೆ ಬೆಳ್ಳಗೆ ಉಳಿಯುವುದನ್ನೂ ಗೃಹಿಣಿಯರೆಲ್ಲರೂ ಬಲ್ಲರು. ಕಾಯಿಯಲ್ಲಿರುವ ಒಗರು ಪದಾರ್ಥವು, ಅದರಲ್ಲಿಯೇ ಇರುವ ಒಂದು ಕಿಣ್ವದ ಸಹಾಯದಿಂದ ಗಾಳಿಯ ಆಮ್ಲಜನಕದೊಡನೆ ಕೂಡುವುದೇ ಈ ಕಪ್ಪಿಗೆ ಕಾರಣ. ಹುಳಿಯು ಆ ಕಿಣ್ವವನ್ನು ಅಡಗಿಸುತ್ತದೆ. ನಿಂಬೆಯ ರಸವಾದರೆ ಅದರಲ್ಲಿರುವ ‘ಸಿ’ ಜೀವಸತ್ತ್ವವು ತಾನೇ ಆಮ್ಲಜನಕಕ್ಕೆ ಈಡಾಗಿ ಹೋಳನ್ನು ಕಾಯುತ್ತದೆ. ಹೀಗೆ ತಾನು ಮೊದಲು ಸವೆದು ಇತರ ಪದಾರ್ಥವನ್ನು ಉಳಿಸುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ನಮ್ಮ ಶರೀರದಲ್ಲಿಯೂ ಇಂಥ ಕ್ರಿಯೆಗಳು ಸದಾ ನಡೆಯುತ್ತಿರುವುದರಿಂದ ಈ ಸತ್ತ್ವಗಳುಳ್ಳ ಹಣ್ಣುಗಳಿಗೆ ಬೆಲೆಯುಂಟು.

ಇವುಗಳಲ್ಲಿ ಸೀಬೆಯನ್ನು ಮೊದಲು ಹೇಳತಕ್ಕದ್ದು. 100 ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ‘ಸಿ’ ಜೀವಸತ್ತ್ವವಿರುತ್ತದೆ. ಅಷ್ಟೇ ತೂಕದ ಕಿತ್ತಳೆಯಲ್ಲಿ ಸುಮಾರು 50 ಮಾತ್ರ. ವಯಸ್ಕನಿಗೆ ದಿನಕ್ಕೆ ಬೇಕಾದುದು ಸುಮಾರು 80 ಮಿಲಿಗ್ರಾಂ. ಹೀಗಿದ್ದರೂ ಹಿತ್ತಲಿನ ಸೀಬೆಯನ್ನು ಸಿಕ್ಕಿದ ಬೆಲೆಗೆ ಮಾರಿ, ರೋಗಿಗೆಂದು ಪೇಟೆಯಿಂದ ಕಿತ್ತಳೆಯನ್ನು ಕೊಂಡು ತರುವವರೇ ಹೆಚ್ಚು. ಶೀತವಾಗುವುದೆಂದು ಮಕ್ಕಳಿಗೆ ಸೀಬೆಯನ್ನು ಕೊಡದಿರುವ ಮನೆಗಳೂ ಉಂಟು; ಈ ಶಂಕೆಗೆ ಆಧಾರವಿಲ್ಲ. ಸತ್ತ್ವವು ಸಿಪ್ಪೆಯಲ್ಲಿಯೂ ಅದಕ್ಕೆ ಹತ್ತಿದ ತಿರುಳಿನಲ್ಲಿಯೂ ಹೆಚ್ಚಾಗಿರುವುದರಿಂದ ತೊಳೆದು ಸಿಪ್ಪೆಸಹಿತ ತಿನ್ನುವುದು ಮೇಲು. ಹಣ್ಣು ಮಿತಿಮೀರಿ ಮಾಗಿದರೆ ಸತ್ತ್ವವು ಇಳಿಯುತ್ತದೆ. ಆದಕಾರಣ ಹಸುರು ಬಣ್ಣವು ತಿಳಿಹಳದಿಗೆ ತಿರುಗಿದೊಡನೆ ಕೊಯ್ಯುವುದು ಮಾರಾಟಕ್ಕೂ ಆರೋಗ್ಯಕ್ಕೂ ಒಳ್ಳೆಯದು. ಕೆಂಪು ತಿರುಳಿನ ಸೀಬೆಯಲ್ಲಿ ಟೊಮೇಟೊಗೆ ಬಣ್ಣ ಕೊಡುವ ಲೈಕೋಪೀನ್ ಎಂಬ ವಸ್ತುವೂ ಇದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕ ಕಿರಣ್’ ಈ ಜಾತಿಯದು.

ನೇರಳೆಯ ಕಡುನೀಲಿ ಬಣ್ಣವು ಆಂಥೋಸಯನಿನ್ ಎಂಬ ವರ್ಣದ್ರವ್ಯಗಳದ್ದು. ನಾಲಿಗೆಗೆ ಹತ್ತುವ ಬಣ್ಣವೇ ಅದು. ದಾಳಿಂಬೆಯ ಕೆಂಪೂ ಇದೇ ವರ್ಗದ್ದು. ಬಾದಾಮಿ, ರಸಪುರಿ ಮಾವುಗಳ ಹಳದಿಯು ಕ್ಯಾರೊಟೀನ್. ಇದನ್ನು ಶರೀರವು ‘ಎ’ ಜೀವಸತ್ತ್ವವಾಗಿ ಮಾರ್ಪಡಿಸಿಕೊಳ್ಳುವುದರಿಂದ ಮಕ್ಕಳ ಕಣ್ಣುಗಳಿಗೆ ಹಿತ.

ಇದನ್ನು ಕೇಳಿ, ಸತ್ತ್ವವನ್ನೇ ಗುಳಿಗೆಯಾಗಿ ಮಾರುವವರ ಮಾತಿಗೆ ಮರುಳಾಗಕೂಡದು. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕ್ಯಾರೊಟೀನ್ ಗುಳಿಗೆ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹಣ್ಣಿನಲ್ಲಿ ನಾರು, ಹುಳಿ, ಇತರ ಸತ್ತ್ವಗಳು ಕೂಡಿರುತ್ತವೆ. ಒಂದನ್ನು ಬೇರ್ಪಡಿಸಿ ರಾಶಿಯಾಗಿ ನುಂಗುವುದು ಹಣ್ಣು ತಿಂದಂತಲ್ಲ. ಸಕ್ಕರೆ ಕಾಯಿಲೆಗೆ ನೇರಳೆ ಬೀಜದ ಪುಡಿಯೊಂದೇ ಸಾಕೆಂದು ವೈದ್ಯರ ಔಷಧವನ್ನು ಬಿಡುವುದು ಪ್ರಾಣಾಪಾಯಕರ.

ಬೆಟ್ಟದ ನೆಲ್ಲಿಯ ವಿಷಯವನ್ನು ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸಬೇಕು. 1939-40ರಲ್ಲಿ ಹಿಸ್ಸಾರ್ ಸೀಮೆಯ ಕ್ಷಾಮದಲ್ಲಿ ಜನರಿಗೆ ವಸಡು ಬಾತು ರಕ್ತ ಸೋರುವ ಸ್ಕರ್ವಿ ರೋಗವು ತಗುಲಿದಾಗ ನೆಲ್ಲಿಕಾಯಿಯಿಂದ ಗುಣ ಕಂಡಿತು. ಹಸಿರು ಪಲ್ಯ ಸಿಕ್ಕದ ಬರಗಾಲದಲ್ಲಿ ಒಣಗಿಸಿಟ್ಟ ನೆಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಹೆಚ್ಚು ಹೊತ್ತು ಕುದಿಸಿದರೂ ಬಿಸಿಲಿಗಿಟ್ಟರೂ ‘ಸಿ’ ಸತ್ತ್ವವು ನಷ್ಟವಾಗುವುದರಿಂದ ಹೋಳುಗಳನ್ನು ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿ, ಮುಚ್ಚಳವುಳ್ಳ ಗಾಜಿನ ಅಥವಾ ಪಿಂಗಾಣಿಯ ಜಾಡಿಯಲ್ಲಿಡತಕ್ಕದ್ದು. ತಾಮ್ರದ ಪಾತ್ರೆಯು ಸರ್ವಥಾ ಸಲ್ಲದು. ತಾಮ್ರವು ಈ ಸತ್ತ್ವದ ನಾಶವನ್ನು ತ್ವರೆಗೊಳಿಸುತ್ತದೆ.

ನೆಲ್ಲಿಯು ಅನಾವೃಷ್ಟಿಯನ್ನು ತಾಳುವ ಮರ; ಸ್ವಲ್ಪ ಚೌಳಿರುವ ಭೂಮಿಯಲ್ಲಿಯೂ ಬೆಳೆಯುತ್ತದೆ. ಆದುದರಿಂದ ಬೇರೆ ಬೆಳೆಗೆ ಒದಗದ ಜಮೀನಿನಲ್ಲಿಯೂ ಬದುವಿನಲ್ಲಿಯೂ ಕಸಿಮಾಡಿದ ಸಸಿಗಳನ್ನು ಮುಂಗಾರಿನಲ್ಲಿ ನೆಡಬಹುದು. ಒಂದೇ ಜಾತಿಯನ್ನು ನೆಟ್ಟರೆ ಪರಾಗಸ್ಪರ್ಶ ಸಾಲದೆ ಕಾಯಿ ಕಡಿಮೆಯಾಗುವ ಸಂಭವವಿರುವುದರಿಂದ ಎರಡು ಜಾತಿಗಳನ್ನಾದರೂ ಬೆರೆಸಿ ನೆಡಬೇಕು.