ಮೂತ್ರಾಂಗಗಳ ಸಾಮಾನ್ಯ ಕಾಯಿಲೆಗಳು: ಲಕ್ಷಣಗಳು, ಚಿಕಿತ್ಸೆ ಹಾಗೂ ಸೌಲಭ್ಯ ಪಡೆಯುವ ವಿಧಾನ

ಎರಡು ಮೂತ್ರಪಿಂಡಗಳು, ಅವುಗಳಿಂದ ಹೊರಡುವ ಮೂತ್ರನಾಳಗಳು, ಮೂತ್ರವು ಶೇಖರಣೆಯಾಗುವ ಮೂತ್ರಕೋಶ, ಮೂತ್ರದ್ವಾರ ಹಾಗೂ ಪುರುಷರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ, ಇವುಗಳ ಕಾಯಿಲೆಗಳಿಗೆ ಶಸ್ತ್ರಚಿಕಿತ್ಸೆ ಸಹಿತ ಚಿಕಿತ್ಸೆ ನೀಡುವ ವಿಭಾಗವೇ ಯುರಾಲಜಿ. ಸಂಕೋಚದಿಂದಲೋ, ವಯಸ್ಸಾದ ಮೇಲೆ ಇದು ಸಹಜವೆಂಬ ಭಾವನೆಯಿಂದಲೋ ಅನೇಕರು ಈ ತೊಂದರೆಗಳನ್ನು ಮನೆಯವರಲ್ಲಿಯೂ ಹೇಳಿಕೊಳ್ಳುವುದಿಲ್ಲ. ಮೂತ್ರದ ಹರಿವಿಗೆ ಉಂಟಾದ ತಡೆಯು ದೀರ್ಘಕಾಲ ಮುಂದುವರಿದಲ್ಲಿ ಮೂತ್ರಪಿಂಡಗಳು ನೋವಿಲ್ಲದೆಯೇ ಹಾಳಾಗುವ ಸಂಭವವಿರುತ್ತದೆ. ಆದ್ದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಮೂತ್ರಪಿಂಡದ ಕಲ್ಲು

ನೀರು ಕಡಿಮೆ ಕುಡಿಯುವವರಲ್ಲಿ ಹಾಗೂ ಬಿಸಿಲಿನಲ್ಲಿ ದುಡಿಯುವವರಲ್ಲಿ ಮೂತ್ರವು ಸಾಂದ್ರವಾಗಿ, ಅದರಲ್ಲಿನ ಲವಣಗಳು ಹರಳುಗಟ್ಟಿ ಕಲ್ಲಾಗುತ್ತವೆ. ಕಲ್ಲು ಮೂತ್ರನಾಳಕ್ಕೆ ಇಳಿದಾಗ ಪಕ್ಕೆಯಿಂದ ತೊಡೆಸಂದಿಯವರೆಗೆ ಅಲೆಯಲೆಯಾಗಿ ತೀವ್ರ ನೋವು, ವಾಂತಿ ಹಾಗೂ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳಬಹುದು.

ಚಿಕಿತ್ಸೆಯು ಕಲ್ಲಿನ ಗಾತ್ರ ಹಾಗೂ ಅದು ಇರುವ ಸ್ಥಳವನ್ನು ಅವಲಂಬಿಸಿರುತ್ತದೆ.

ಅ) ಮೂತ್ರನಾಳದಲ್ಲಿರುವ 5 ಮಿ.ಮೀ.ಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ನೋವು ನಿವಾರಕಗಳ ನೆರವಿನಿಂದ ಕೆಲವು ವಾರಗಳಲ್ಲಿ ತಾವಾಗಿಯೇ ಹೊರಬೀಳುತ್ತವೆ.
ಆ) ದೇಹದ ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಕಲ್ಲನ್ನು ಪುಡಿಮಾಡುವ ವಿಧಾನವಿದೆ. ಗರ್ಭಿಣಿಯರಿಗೆ ಇದನ್ನು ಮಾಡುವಂತಿಲ್ಲ.
ಇ) ಮೂತ್ರದ್ವಾರದ ಮೂಲಕವೇ ತೆಳುವಾದ ದರ್ಶಕ ನಳಿಕೆಯನ್ನು ಸೇರಿಸಿ, ಲೇಸರ್‌ನಿಂದ ಕಲ್ಲನ್ನು ಒಡೆದು ತೆಗೆಯಬಹುದಾಗಿದೆ. ಇದರಲ್ಲಿ ದೇಹದ ಹೊರಭಾಗದಲ್ಲಿ ಗಾಯವಿರುವುದಿಲ್ಲ.
ಈ) 2 ಸೆಂ.ಮೀ.ಗಿಂತ ದೊಡ್ಡದಾದ ಮೂತ್ರಪಿಂಡದ ಕಲ್ಲುಗಳಿಗೆ ಸಾಮಾನ್ಯವಾಗಿ ಬೆನ್ನಿನ ಭಾಗದಲ್ಲಿ ಚಿಕ್ಕ ರಂಧ್ರ ಮಾಡಿ ಕಲ್ಲನ್ನು ಹೊರತೆಗೆಯಲಾಗುತ್ತದೆ.

ಬಾಳೆದಿಂಡಿನ ರಸ ಅಥವಾ ಹುರುಳಿಕಟ್ಟು ಸೇವನೆಯಿಂದ ದೊಡ್ಡ ಕಲ್ಲು ಕರಗುವುದೆಂದು ನಂಬಿ ಚಿಕಿತ್ಸೆಯನ್ನು ಮುಂದೂಡುವುದು ಸರಿಯಲ್ಲ. ಔಷಧಿಯಿಂದ ಕರಗಿಸಬಹುದಾದುದು ಮುಖ್ಯವಾಗಿ ಯೂರಿಕ್ ಆಮ್ಲದ ಕಲ್ಲುಗಳನ್ನು ಮಾತ್ರ. ನೋವು ನಿಂತ ಮಾತ್ರಕ್ಕೆ ಕಲ್ಲು ಹೋಯಿತೆಂದು ಭಾವಿಸದೆ, ಸ್ಕ್ಯಾನಿಂಗ್ ಮೂಲಕ ಖಚಿತಪಡಿಸಿಕೊಳ್ಳತಕ್ಕದ್ದು.

ವಿಶೇಷ ಸೂಚನೆ: ಕಲ್ಲಿನ ಶಸ್ತ್ರಚಿಕಿತ್ಸೆಯ ನಂತರ ಅನೇಕರಿಗೆ ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ‘ಡಿ.ಜೆ. ಸ್ಟೆಂಟ್’ ಎಂಬ ಮೃದುವಾದ ಕೊಳವೆಯನ್ನು ಇಡಲಾಗುತ್ತದೆ. ಇದು ತಾತ್ಕಾಲಿಕ ವ್ಯವಸ್ಥೆಯಾಗಿದ್ದು, ವೈದ್ಯರು ತಿಳಿಸಿದ ದಿನಾಂಕದಂದು ತಪ್ಪದೇ ತೆಗೆಸಿಕೊಳ್ಳಬೇಕು. ನೋವು ಇಲ್ಲದ ಕಾರಣ ಕೊಳವೆ ಇರುವುದನ್ನೇ ಮರೆತವರಲ್ಲಿ, ಅದರ ಮೇಲೆಯೇ ಕಲ್ಲು ಬೆಳೆದು ಮೂತ್ರಪಿಂಡವನ್ನು ಕಳೆದುಕೊಳ್ಳುವ ಪ್ರಸಂಗಗಳು ಉಂಟು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ‘ಸ್ಟೆಂಟ್ ಇಡಲಾಗಿದೆಯೇ? ಯಾವಾಗ ತೆಗೆಸಬೇಕು?’ ಎಂದು ಕೇಳಿ, ದಿನಾಂಕವನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳುವುದು ರೋಗಿಯ ಹಕ್ಕೂ ಹೌದು, ಹೊಣೆಯೂ ಹೌದು.

ಕಲ್ಲು ಮರುಕಳಿಸದಂತೆ ದಿನಕ್ಕೆ ಸುಮಾರು 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯುವುದು ಹಾಗೂ ಉಪ್ಪನ್ನು ಕಡಿಮೆ ಮಾಡುವುದು ಅಗತ್ಯ. ಹೃದಯ ಅಥವಾ ಮೂತ್ರಪಿಂಡದ ವೈಫಲ್ಯವುಳ್ಳವರು ನೀರಿನ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು. ಹಾಲು, ಮೊಸರನ್ನು ತಾವಾಗಿಯೇ ನಿಲ್ಲಿಸಬಾರದು. ಆಹಾರದಲ್ಲಿನ ಸುಣ್ಣದ ಅಂಶ ತೀರಾ ಕಡಿಮೆಯಾದಲ್ಲಿ ಕಲ್ಲಿನ ಸಂಭವ ಹೆಚ್ಚುತ್ತದೆ.

2. ಪ್ರಾಸ್ಟೇಟ್ ಗ್ರಂಥಿಯ ಹಿಗ್ಗುವಿಕೆ

50 ವರ್ಷ ದಾಟಿದ ಪುರುಷರಲ್ಲಿ ಇದು ಸಾಮಾನ್ಯ. ಮೂತ್ರದ ಧಾರೆ ಸಣ್ಣದಾಗುವುದು, ಪ್ರಾರಂಭವಾಗಲು ತಡವಾಗುವುದು, ಪೂರ್ತಿ ಹೋಗಿಲ್ಲವೆನಿಸುವುದು ಹಾಗೂ ರಾತ್ರಿ ಹಲವು ಬಾರಿ ಏಳಬೇಕಾಗುವುದು ಇದರ ಲಕ್ಷಣಗಳು. ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಆದರೆ ಎರಡೂ ಒಬ್ಬರಲ್ಲಿಯೇ ಇರಬಹುದಾದ್ದರಿಂದ ತಪಾಸಣೆ ಅವಶ್ಯಕ. ಪಿ.ಎಸ್.ಎ. ರಕ್ತಪರೀಕ್ಷೆಯ ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದರ್ಥವಲ್ಲ. ಸೋಂಕಿನಿಂದಲೂ ಅದು ಹೆಚ್ಚುತ್ತದೆ.

ಲಕ್ಷಣಗಳು ಅಲ್ಪವಾಗಿದ್ದಲ್ಲಿ ಕಾಲಕಾಲಕ್ಕೆ ತಪಾಸಣೆ ಮಾತ್ರ ಸಾಕಾಗುತ್ತದೆ. ಮೂತ್ರದ ಹಾದಿಯನ್ನು ಸಡಿಲಗೊಳಿಸುವ ಮಾತ್ರೆಗಳು ಕೆಲವೇ ದಿನಗಳಲ್ಲಿ ಗುಣ ತೋರುತ್ತವೆ. ಇವುಗಳಿಂದ ಎದ್ದು ನಿಂತಾಗ ತಲೆಸುತ್ತು ಬರಬಹುದು. ಗ್ರಂಥಿಯನ್ನು ಕುಗ್ಗಿಸುವ ಮಾತ್ರೆಗಳು ಗುಣ ತೋರಲು ಹಲವು ತಿಂಗಳು ಬೇಕಾಗುವುದರಿಂದ ನಡುವೆ ನಿಲ್ಲಿಸಬಾರದು. ಮೂತ್ರ ಪದೇಪದೇ ಕಟ್ಟುವುದು, ಮೂತ್ರಕೋಶದಲ್ಲಿ ಕಲ್ಲು, ಮರುಕಳಿಸುವ ಸೋಂಕು ಅಥವಾ ಮೂತ್ರಪಿಂಡಕ್ಕೆ ಹಾನಿ ಕಂಡುಬಂದಲ್ಲಿ ಮೂತ್ರದ್ವಾರದ ಮೂಲಕ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ. ಇದರ ನಂತರ ವೀರ್ಯವು ಹೊರಬಾರದೆ ಮೂತ್ರಕೋಶದೊಳಗೆ ಹೋಗುವುದು ಸಾಮಾನ್ಯವಾಗಿದ್ದು, ಈ ವಿಷಯವನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಸೂಕ್ತ. ಈ ತೊಂದರೆಯುಳ್ಳವರು ನೆಗಡಿಯ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಕೆಲವು ಮಾತ್ರೆಗಳಿಂದ ಮೂತ್ರ ಕಟ್ಟಿಕೊಳ್ಳಬಹುದು.

3. ಮೂತ್ರದ ಸೋಂಕು

ಉರಿಮೂತ್ರ, ಪದೇಪದೇ ಅವಸರ ಹಾಗೂ ಕೆಳಹೊಟ್ಟೆಯ ನೋವು ಇದರ ಲಕ್ಷಣಗಳು. ಮೂತ್ರದ್ವಾರದ ನಾಳವು ಚಿಕ್ಕದಾಗಿರುವುದರಿಂದ ಮಹಿಳೆಯರಲ್ಲಿ ಇದು ಹೆಚ್ಚು. ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ಪಡೆಯುವುದರಿಂದಲೂ, ಉರಿ ನಿಂತೊಡನೆ ಔಷಧಿ ಬಿಡುವುದರಿಂದಲೂ ರೋಗಾಣುಗಳು ಔಷಧಿಗೆ ಜಗ್ಗದಂತಾಗುತ್ತವೆ. ಗರ್ಭಿಣಿಯರು, ಮಧುಮೇಹಿಗಳು, ಪುರುಷರು ಹಾಗೂ ಮಕ್ಕಳಲ್ಲಿ ಸೋಂಕು ಕಂಡುಬಂದಾಗ ತಪ್ಪದೇ ವೈದ್ಯರನ್ನು ಕಾಣಬೇಕು.

4. ಮೂತ್ರದಲ್ಲಿ ರಕ್ತ

ನೋವಿಲ್ಲದೆ, ಒಂದೇ ಬಾರಿ ರಕ್ತ ಹೋಗಿ ನಿಂತಿದ್ದರೂ ಅಲಕ್ಷಿಸಬಾರದು. ಇದು ಮೂತ್ರಕೋಶದ ಅಥವಾ ಮೂತ್ರಪಿಂಡದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು. ಆರಂಭಿಕ ಹಂತದಲ್ಲಿ ಪತ್ತೆಯಾದಲ್ಲಿ ಮೂತ್ರಕೋಶವನ್ನು ಉಳಿಸಿಕೊಂಡೇ ಚಿಕಿತ್ಸೆ ನೀಡಲು ಸಾಧ್ಯವಾಗುತ್ತದೆ.

5. ಕೂಡಲೇ ಆಸ್ಪತ್ರೆಗೆ ಧಾವಿಸಬೇಕಾದ ಸಂದರ್ಭಗಳು

• ಮೂತ್ರವು ಸಂಪೂರ್ಣವಾಗಿ ಕಟ್ಟಿಕೊಂಡಾಗ.
• ಪಕ್ಕೆನೋವಿನೊಂದಿಗೆ ಚಳಿಜ್ವರ ಬಂದಾಗ. ಕಲ್ಲಿನ ತಡೆಯ ಹಿಂದೆ ಸೋಂಕು ಸೇರಿದಲ್ಲಿ ಪ್ರಾಣಾಪಾಯವಿರುತ್ತದೆ.
• ಬಾಲಕರು ಹಾಗೂ ಯುವಕರಲ್ಲಿ ವೃಷಣದಲ್ಲಿ ಹಠಾತ್ ತೀವ್ರ ನೋವು ಉಂಟಾದಾಗ. ವೃಷಣವು ತಿರುಚಿಕೊಂಡಿದ್ದಲ್ಲಿ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ನಾಚಿಕೆಯಿಂದ ಬೆಳಗಿನವರೆಗೆ ಕಾಯುವಂತಿಲ್ಲ.

ತುರ್ತು ವಾಹನಕ್ಕಾಗಿ 108 ಸಂಖ್ಯೆಗೆ ಕರೆ ಮಾಡಬಹುದು.

6. ಸೌಲಭ್ಯ ಪಡೆಯುವ ವಿಧಾನ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು. ತಜ್ಞ ಚಿಕಿತ್ಸೆ ಅಗತ್ಯವಿದ್ದಲ್ಲಿ ಉನ್ನತ ಆಸ್ಪತ್ರೆಗಳಿಗೆ ಕಳುಹಿಸಲಾಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಈ ಕಾಯಿಲೆಗಳಿಗೆಂದೇ ನೆಫ್ರೋ-ಯುರಾಲಜಿ ಸಂಸ್ಥೆಯು ಕಾರ್ಯನಿರ್ವಹಿಸುತ್ತಿದೆ.

ರಾಜ್ಯದಲ್ಲಿ 2018ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯನ್ವಯ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ಭರಿಸಲಾಗುತ್ತದೆ. ಪಡಿತರ ಚೀಟಿ, ಆಧಾರ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಜೊತೆಗೆ ತರುವುದು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯುವ ಅಗತ್ಯವಿಲ್ಲ. ಹಿಂದಿನ ಸ್ಕ್ಯಾನಿಂಗ್ ವರದಿ, ಬಿಡುಗಡೆ ಪತ್ರ ಹಾಗೂ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ಒಂದೇ ಕಡತದಲ್ಲಿ ಇಟ್ಟುಕೊಂಡಲ್ಲಿ, ಪರೀಕ್ಷೆಗಳನ್ನು ಮತ್ತೆ ಮಾಡಿಸುವ ಖರ್ಚು ಹಾಗೂ ಓಡಾಟ ಎರಡೂ ಉಳಿಯುತ್ತವೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ನಿರ್ಧಾರವನ್ನು ವೈದ್ಯರ ಸಲಹೆಯ ಮೇರೆಗೆ ಕೈಗೊಳ್ಳತಕ್ಕದ್ದು.