ಮಟಮಾರಿಯಿಂದ ದಿಡ್ಡಿ ಬಾಗಿಲವರೆಗೆ

ಮಟಮಾರಿಯಲ್ಲಿ ಬೆಳಿಗ್ಗೆ ರಾಯಚೂರು ಬಸ್ಸಿಗೆ ಕಾಯುವವರು ಯಾವ ಕೆಲಸಕ್ಕೆ ಹೊರಟಿದ್ದಾರೆಂದು ಅವರ ಕೈಚೀಲ ನೋಡಿದರೆ ತಿಳಿಯುತ್ತದೆ. ಹತ್ತಿ, ಮೆಣಸಿನಕಾಯಿಯ ಧಾರಣೆ ವಿಚಾರಿಸಲು ಹೊರಟವರ ಕೈ ಖಾಲಿ. ದವಾಖಾನೆಗೆ ಹೊರಟವರ ಹತ್ತಿರ ಎಕ್ಸ್‌ರೇ ಇಟ್ಟ ದೊಡ್ಡ ಲಕೋಟೆ. ನನ್ನ ಪಕ್ಕದಲ್ಲಿ ನಿಂತಿದ್ದ ತಾಯಿಯ ಚೀಲದಲ್ಲಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅದರ ಮೇಲೆ ಮಡಿಕೆ ಬೀಳದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಪಹಣಿ.

ಆ ಪಹಣಿ ಅವರದಲ್ಲ. ಅವರಿಗೆ ಹೊಲವಿಲ್ಲ. ಯಾರ ಹೊಲದಲ್ಲಿ ಹತ್ತಿ ಬಿಡಿಸಲು ಹೋಗುತ್ತಾರೋ ಅವರದು. ಮಗ ರಾಯಚೂರು ಜೈಲಿನಲ್ಲಿದ್ದಾನೆ. ಹೊಡೆದಾಟದ ಕೇಸು. ಕೋರ್ಟು ಜಾಮೀನು ಕೊಟ್ಟು ಹತ್ತೊಂಬತ್ತು ದಿನವಾಯಿತು. ಜಾಮೀನುದಾರ ಸಿಗದೆ ಹುಡುಗ ಇನ್ನೂ ಒಳಗೇ ಇದ್ದಾನೆ. "ನಾಕು ದಿನ ನಸುಕಿನ್ಯಾಗ ಅವರ ಮನಿ ಮುಂದ ಹೋಗಿ ಕುಂತೆ ನೋಡ್ರಿ. ಇವತ್ತ ಬರ್ತೀನಿ ಅಂದಾರ. ಮುಂದಿನ ಬಸ್ಸಿಗಿ ಬರ್ತಾರಂತ" ಎಂದರು. ಊರು, ಹೆಸರು ಏನನ್ನೂ ಬರೆಯಬಾರದೆಂದು ಕೇಳಿಕೊಂಡರು, ಬರೆಯುವುದಿಲ್ಲ.

ನನ್ನನ್ನು ಕರೆದುಕೊಂಡು ಹೊರಟಿದ್ದವರು ಒಬ್ಬ ಅರೆ ಕಾನೂನು ಸ್ವಯಂಸೇವಕಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡುವ, ಸಂಬಳವಿಲ್ಲದೆ ಗೌರವಧನಕ್ಕೆ ದುಡಿಯುವ ಇಂಥವರನ್ನು ದೇಶದಾದ್ಯಂತ ನೇಮಿಸುವ ಯೋಜನೆ ಶುರುವಾದದ್ದು 2009ರಲ್ಲಿ. ಅವರ ಕೈಯಲ್ಲೊಂದು ನೂರು ಪುಟದ ನೋಟ್‌ಬುಕ್. ಅದರ ಕೊನೆಯ ಹಾಳೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಜೈಲಿನ ಮುಲಾಖತ್‌ಗೆ ಬರುವ ತಾಯಂದಿರು, ಹೆಂಡಂದಿರು ಹೆಚ್ಚಾಗಿದ್ದಾರೆಂದು ಸ್ವಯಂಸೇವಕಿ ಹೇಳಿದರು. ಯೋಜನೆ ಮಾಡಿದವರು ಜೈಲನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ ಇಲ್ಲವೋ, ಒಂದು ಇಲಾಖೆಯ ಕೆಲಸ ಇನ್ನೊಂದು ಇಲಾಖೆಯ ಬಾಗಿಲಿನಲ್ಲಿ ನಿಂತವರಿಗೆ ಆಸರೆಯಾಗಿದೆ. ಎರಡೂ ಕಡೆಯವರು ಕೂತು ಮಾತಾಡಿದರೆ ಇನ್ನೆಷ್ಟು ಆದೀತು ಎಂಬ ಯೋಚನೆ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ.

ರಾಯಚೂರು ಕೋರ್ಟಿನ ಆವರಣದಲ್ಲಿ ಹನ್ನೊಂದರ ಹೊತ್ತಿಗೆ ಜಾತ್ರೆಯ ಜನ. ಝೆರಾಕ್ಸ್ ಅಂಗಡಿ, ಟೈಪಿಂಗ್ ಮೇಜು, ಸ್ಟಾಂಪು, ನೋಟರಿ. ಪೇಶಿಗೆ ಬಂದವರು ಗೋಡೆಯ ನೆರಳಿಗೆ ಸಾಲಾಗಿ ಕೂತಿದ್ದರು. ಜಾಮೀನುದಾರ ಎಂದರೆ ಯಾರೋ ಬಂದು ಹೆಬ್ಬೆಟ್ಟು ಒತ್ತಿ ಹೋಗುವವನೆಂದು ನಾನೂ ತಿಳಿದಿದ್ದೆ. ಹಾಗಲ್ಲ. ಪಹಣಿ, ಆಧಾರ್, ಫೋಟೋ, ಪ್ರಮಾಣಪತ್ರ ಎಲ್ಲ ಬೇಕು. ಖುದ್ದಾಗಿ ಕಟಕಟೆಗೆ ಬಂದು ನಿಲ್ಲಬೇಕು. ಆರೋಪಿ ನಿನಗೆ ಹೇಗೆ ಗೊತ್ತು, ತಾರೀಖಿಗೆ ಅವನನ್ನು ತಪ್ಪದೆ ಹಾಜರುಪಡಿಸುತ್ತೀಯಾ ಎಂದು ಕೇಳಿದರೆ ಹೂಂ ಅನ್ನಬೇಕು. ಹುಡುಗ ತಪ್ಪಿಸಿಕೊಂಡರೆ ಬಾಂಡಿನ ಹಣ ಇವರ ತಲೆಗೆ. ಹೊಲ ಇದ್ದವರು ಹಿಂದೆಮುಂದೆ ನೋಡುವುದು ಸಹಜ. ಹೊಲ ಇಲ್ಲದವರಿಗೆ ಜಾಮೀನು ಎಂಬುದು ಹೊಲ ಇದ್ದವರ ಋಣವಾಗಿಬಿಡುವುದೂ ಅಷ್ಟೇ ಸಹಜ. ಆ ಋಣ ಮುಂದಿನ ಸುಗ್ಗಿಯಲ್ಲಿ ಯಾವ ರೂಪದಲ್ಲಿ ತೀರುತ್ತದೆಂದು ಯಾವ ಕಾಗದದಲ್ಲೂ ಬರೆದಿರುವುದಿಲ್ಲ.

ಈ ಸೀಮೆಗೆ ಇನ್ನೊಂದು ತೊಡಕಿದೆ. ಮಟಮಾರಿಯ ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಆಂಧ್ರ, ಮೂಡಲಿಗೆ ಹೋದರೆ ತೆಲಂಗಾಣ. ಕೊಡುವುದು ತರುವುದು ಮೂರೂ ಸೀಮೆಯೊಳಗೆ ನಡೆಯುತ್ತದೆ. ಸೋದರಮಾವ ಕರ್ನೂಲು ಕಡೆ, ಅಕ್ಕನ ಮನೆ ಗದ್ವಾಲ ಕಡೆ. ಜಾಮೀನು ನಿಲ್ಲುವ ಮನಸ್ಸಿರುವ ನೆಂಟ ಆಚೆ ದಂಡೆಯಲ್ಲಿದ್ದರೆ, ಅವನ ಹೊಲದ ಕಾಗದ ಬೇರೆ ರಾಜ್ಯದ್ದು. 1978ರಲ್ಲೇ ಸುಪ್ರೀಂ ಕೋರ್ಟು ಇಂಥದೇ ಪ್ರಕರಣ ನೋಡಿತ್ತು. ಮಧ್ಯಪ್ರದೇಶದ ಮೋತಿರಾಮ್ ಎಂಬ ಬಡ ಗೌಂಡಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಜಾಮೀನನ್ನು ಒಪ್ಪಿರಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ತಪ್ಪೆಂದು ಹೇಳಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಆದೇಶಿಸಿದರು. ಅಷ್ಟು ವರ್ಷಗಳ ಹಿಂದಿನ ತೀರ್ಪು ಇನ್ನೂ ಎಷ್ಟೋ ಬಸ್‌ಸ್ಟ್ಯಾಂಡುಗಳನ್ನು ತಲುಪಿಲ್ಲ.

ಜಾಮೀನು ಸಿಕ್ಕೂ ಒಳಗೇ ಉಳಿದವರ ಬಗ್ಗೆ 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನಗಳನ್ನು ಸ್ವಯಂಸೇವಕಿ ಬಾಯಿಪಾಠ ಮಾಡಿಕೊಂಡಿದ್ದರು. ಜಾಮೀನು ಆದೇಶದ ಪ್ರತಿಯನ್ನು ಕೋರ್ಟು ಅದೇ ದಿನ ಇಲ್ಲವೇ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಕಳಿಸಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಕಾರ್ಯದರ್ಶಿ ಸ್ವಯಂಸೇವಕರನ್ನೋ ವಕೀಲರನ್ನೋ ಕಳಿಸಿ ಅಡಚಣೆ ಏನೆಂದು ತಿಳಿಯಬೇಕು. ಬಡತನವೇ ಅಡ್ಡಿ ಎಂದಾದರೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಅಧಿಕಾರಿ) ಅಥವಾ ಸ್ವಯಂಸೇವಕರ ನೆರವಿನಿಂದ ಮನೆಯ ಸ್ಥಿತಿಗತಿಯ ವರದಿ ಮಾಡಿಸಿ ಕೋರ್ಟಿನ ಮುಂದಿಟ್ಟು ಷರತ್ತು ಸಡಿಲಿಸಲು ಕೇಳಬಹುದು. ಒಂದು ತಿಂಗಳಾದರೂ ಜಾಮೀನು ಒದಗದಿದ್ದರೆ ಕೋರ್ಟೇ ತಾನಾಗಿ ಷರತ್ತು ಬದಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟ ಬಿಡುಗಡೆ ತಡವಾಗಲು ಒಂದು ಕಾರಣವೆಂದೂ ಅಲ್ಲಿ ಬರೆದಿದೆ.

ಈ ನಿರ್ದೇಶನಗಳನ್ನು ಮತ್ತೊಮ್ಮೆ ಓದಿದರೆ ಇವು ಬರೀ ಕಾನೂನಿನ ಮಾತಾಗಿ ಕಾಣುವುದಿಲ್ಲ. ಜೈಲು ಪ್ರಾಧಿಕಾರಕ್ಕೆ ಹೇಳಬೇಕು, ಪ್ರಾಧಿಕಾರ ಸ್ವಯಂಸೇವಕಿಗೆ ಹೇಳಬೇಕು, ಸ್ವಯಂಸೇವಕಿ ಊರಿಗೆ ಹೋಗಿ ಕೇಳಬೇಕು. ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಕೆಲಸ. ನಡುವೆ ಒಂದು ಕೈ ಚಾಚದಿದ್ದರೂ ಸಾಕು, ಹತ್ತೊಂಬತ್ತು ದಿನ ನಲವತ್ತಾಗುತ್ತದೆ.

ಜೈಲಿನ ಮುಂದೆ ಬಿಸಿಲು ನೆತ್ತಿಗೇರಿತ್ತು. ರಾಯಚೂರು ಕೋಟೆಯ ಪಶ್ಚಿಮ ಬಾಗಿಲಿನ ಹತ್ತಿರದ ಹಳೆಯ ಅರಮನೆಯನ್ನು ಜೈಲಾಗಿ ಬಳಸುತ್ತಿದ್ದ ಸಂಗತಿ ಜಿಲ್ಲೆಯ ಹಳೆಯ ಪರಿಚಯಗಳಲ್ಲಿ ಬರುತ್ತದೆ. ಅರಸರ ಕಾಲದ ಗೋಡೆಗೆ ಕಾವಲು ಒಂದೇ ಉದ್ದೇಶ. ಈಗ ಇಲಾಖೆಯ ಹೆಸರೇ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ. ಸುಧಾರಣೆ ಎಂಬ ಮಾತು ಬೋರ್ಡಿನ ಮೇಲೆ ಬಂದ ಮೇಲೆ ಗೋಡೆಯ ಹೊರಗಿನವರಿಗೂ ಅದರಲ್ಲಿ ಪಾಲು ಬಂತು.

ಆ ಪಾಲು ಎಷ್ಟು ದೊಡ್ಡದೆಂದು ತಿಳಿಯಲು ಒಂದು ಲೆಕ್ಕ ಸಾಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಇನ್ನೂ ತಪ್ಪು ಸಾಬೀತಾಗಿಲ್ಲ. ಇವರೆಲ್ಲ ಇವತ್ತಲ್ಲ ನಾಳೆ ಯಾವುದೋ ಮಟಮಾರಿಗೆ, ಯಾವುದೋ ದೇವದುರ್ಗಕ್ಕೆ, ಮಾನ್ವಿಗೆ ವಾಪಸ್ ಬರುವವರು.

ದೊಡ್ಡ ಬಾಗಿಲಿನೊಳಗಿನ ದಿಡ್ಡಿ ತೆರೆಯಿತು. ತಲೆ ಬಗ್ಗಿಸಿ ಒಬ್ಬ ಹುಡುಗ ಹೊರಗೆ ಬಂದ. ಆ ತಾಯಿಯ ಮಗನಲ್ಲ, ಬೇರೆಯವನು. ಕೈಯಲ್ಲಿ ಬಟ್ಟೆಯ ಗಂಟು. ಯಾರೂ ಕರೆದೊಯ್ಯಲು ಬಂದಿರಲಿಲ್ಲ. ಎರಡು ನಿಮಿಷ ನಿಂತು ಎಡಕ್ಕೆ ಹೋಗುವುದೋ ಬಲಕ್ಕೋ ಎಂದು ನೋಡಿದ. ಸ್ವಯಂಸೇವಕಿ ಹತ್ತಿರ ಹೋಗಿ, "ಯಾವೂರಪಾ ನಿಂದು? ಊಟ ಆತೇನು?" ಎಂದರು. ಅವನು ಮೊದಲು ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟ.

ಆಮೇಲೆ ಸ್ವಯಂಸೇವಕಿ ಅವನನ್ನು ಕೇಳಿದ್ದು ಮೂರೇ ಮಾತು: ಮುಂದಿನ ತಾರೀಖು ಯಾವತ್ತು, ಊರಾಗ ಯಾರ ಅದಾರ, ಕೆಲಸಕ್ಕ ಎಲ್ಲಿಗಿ ಹೋಗ್ತಿ? ಮೂರನೆಯ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಅವರು ವಿವರಿಸಿದ ಮೇಲೆ. ಈ ಭಾಗದ ಕೂಲಿಯವರು ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್, ಪುಣೆ ಕಡೆ ಗುಳೆ ಹೋಗುತ್ತಾರೆ. ಮೇಸ್ತ್ರಿ ಮುಂಗಡ ಕೊಟ್ಟು ಕರೆದೊಯ್ದಿರುತ್ತಾನೆ. ಪೇಶಿ ಇದೆಯೆಂದರೆ ಬಿಡುವುದಿಲ್ಲ. ತಾರೀಖು ತಪ್ಪುತ್ತದೆ, ವಾರಂಟು ಹೊರಡುತ್ತದೆ, ಮತ್ತೆ ಜೈಲು. ಜಾಮೀನು ನಿಂತ ಹೊಲದವರಿಗೆ ನೋಟಿಸು. ಊರಿನಲ್ಲಿ ಮುಂದೆ ಯಾರೂ ಯಾರಿಗೂ ಜಾಮೀನು ನಿಲ್ಲದಂತಾಗುತ್ತದೆ. ಹೊಸ ಅಪರಾಧ ಒಂದೂ ಆಗಿರುವುದಿಲ್ಲ. ಆಗಿದ್ದು ಇಷ್ಟೆ: ತಾರೀಖನ್ನು ನೆನಪಿಸಿ, ಊರಲ್ಲೇ ಕೂಲಿ ಹುಡುಕಿಕೊಡುವ ಒಬ್ಬರು ಇರಲಿಲ್ಲ.

ಅಂಥ ಒಬ್ಬರು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1841ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಜಾನ್ ಆಗಸ್ಟಸ್ ಎಂಬ ಬೂಟು ಹೊಲಿಯುವವರು ಕೋರ್ಟಿಗೆ ಹೋಗಿ, ಕುಡಿತದ ಕೇಸಿನಲ್ಲಿ ನಿಂತವನೊಬ್ಬನಿಗೆ ತಾವೇ ಜಾಮೀನಾದರು. ಅವನನ್ನು ತಿದ್ದಿ ತಾರೀಖಿಗೆ ತಂದು ನಿಲ್ಲಿಸಿದರು. ಸಾಯುವ ಹೊತ್ತಿಗೆ 1,900ಕ್ಕೂ ಹೆಚ್ಚು ಜನರಿಗೆ ಹೀಗೆ ನಿಂತಿದ್ದರು. ಇವತ್ತು ಪ್ರೊಬೇಷನ್ ಎನ್ನುವ ವ್ಯವಸ್ಥೆಯ ಬೇರು ಆ ಚಪ್ಪಲಿ ಅಂಗಡಿಯಲ್ಲಿದೆ. ಜಪಾನಿನಲ್ಲಿ ಹೊಗೊಶಿ ಎಂಬ ಸ್ವಯಂಸೇವಕರು 45 ಸಾವಿರಕ್ಕೂ ಹೆಚ್ಚಿದ್ದಾರೆ. ಬಿಡುಗಡೆಯಾದವರನ್ನು ಕಂಡು ಮಾತಾಡಿಸಿ ಕೆಲಸ ಹುಡುಕಲು ನೆರವಾಗುತ್ತಾರೆ. ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' 1990ರಿಂದ ಜೈಲು, ಪೊಲೀಸ್ ಠಾಣೆಗಳೊಳಗೇ ಸಮಾಜ ಕಾರ್ಯಕರ್ತರನ್ನು ಕೂರಿಸಿದೆ. ನಮ್ಮಲ್ಲೇ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಕೈದಿಗಳಿಗೆ ನಾಟಕ ಕಲಿಸಿ, ಅವರನ್ನು ಜೈಲಿನ ಹೊರಗಿನ ರಂಗಮಂದಿರಕ್ಕೆ ಕರೆತಂದು ಊರಿನವರೆದುರು ನಿಲ್ಲಿಸಿದರು. ಆ ನಾಟಕ ನೋಡಿದವರು ಕೈದಿ ಎಂಬ ಶಬ್ದವನ್ನು ಮೊದಲಿನಂತೆ ಆಡಲಾರರು ಎಂದು ನನ್ನ ನಂಬಿಕೆ.

ಮಧ್ಯಾಹ್ನ ಮೂರಕ್ಕೆ ಮಟಮಾರಿಗೆ ಹಿಂತಿರುಗಿದೆವು. ಪಂಚಾಯಿತಿಗೆ ಹೋದಾಗ ಉದ್ಯೋಗ ಖಾತ್ರಿಯ ಜಾಬ್ ಕಾರ್ಡು ಹಿಡಿದು ನಿಂತವರು, ಸಂಜೀವಿನಿ ಒಕ್ಕೂಟದ ಲೆಕ್ಕ ಬರೆಸಲು ಬಂದ ಹೆಣ್ಣುಮಕ್ಕಳು ಇದ್ದರು. ಸ್ವಯಂಸೇವಕಿ ದಿಡ್ಡಿಯಿಂದ ಬಂದ ಹುಡುಗನ ಹೆಸರು ಹೇಳದೆಯೇ, ಜೈಲಿಂದ ಬಂದವನಿಗೆ ಜಾಬ್ ಕಾರ್ಡ್ ಮಾಡಿಸಲು ಅಡ್ಡಿ ಏನಾದರೂ ಇದೆಯೇ ಎಂದು ಕೇಳಿದರು. ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು, "ಅಡ್ಡಿ ಏನ್ ಬಂತವ್ವ? ಬಂದ ಕೇಳಿದ್ರ ಕೊಡ್ತಾರ. ಬರಾಕ ಅವನಿಗಿ ನಾಚಿಕಿ" ಎಂದರು. ಇಡೀ ದಿನ ಕೇಳಿದ ಮಾತುಗಳಲ್ಲಿ ಇದು ನನ್ನನ್ನು ತುಂಬ ಕಾಡಿತು. ಕಾನೂನು ತೆರೆದಿಟ್ಟ ಬಾಗಿಲನ್ನು ನಾಚಿಕೆ ಮುಚ್ಚುತ್ತದೆ. ಅದನ್ನು ತೆರೆಯಲು ಸುತ್ತೋಲೆಯಿಂದ ಆಗದು. ಜೊತೆಗೆ ನಡೆದು ಬರುವವರು ಬೇಕು.

ಅಂಥವರು ಈ ಜಿಲ್ಲೆಗೆ ಹೊಸಬರಲ್ಲ. ಮಾನ್ವಿ ಸೀಮೆಯ ಪೋತ್ನಾಳದ ಸುತ್ತ ದಲಿತ ಹೆಣ್ಣುಮಕ್ಕಳು ಕಟ್ಟಿದ ಜಾಗೃತ ಮಹಿಳಾ ಸಂಘಟನೆ ಇದೆ. ಕೂಲಿಗಾಗಿ ಪಂಚಾಯಿತಿ ಮುಂದೆ ಕೂತು ಕೇಳಲು ಕಲಿಸಿದ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ ಇದೆ. ಊರೂರಿಗೆ ಆಶಾ, ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ. ಆಚೆ ಕಡೆ ಜೈಲಿನಲ್ಲಿ ಕಾನೂನು ನೆರವು ಕೇಂದ್ರ, ಕೋರ್ಟಿನಲ್ಲಿ ಕಾನೂನು ನೆರವು ವಕೀಲರು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯ ಪರಿವೀಕ್ಷಣಾಧಿಕಾರಿ ಇದ್ದಾರೆ. ಬಡ ಕೈದಿಗಳ ದಂಡಕ್ಕೆ, ಜಾಮೀನಿಗೆ ಹಣದ ನೆರವು ಕೊಡುವ ಕೇಂದ್ರದ ಯೋಜನೆ 2023ರಲ್ಲಿ ಬಂದಿದೆ. ಬಂಧನದಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲಿದೆ. 15100ಕ್ಕೆ ಫೋನ್ ಮಾಡಿದರೂ ಸಾಕು. ಇಷ್ಟೆಲ್ಲ ಇದೆ. ಒಬ್ಬರಿಗೊಬ್ಬರ ಮುಖಪರಿಚಯ ಇಲ್ಲ. ಪ್ರತಿ ತಾಲ್ಲೂಕಿನಲ್ಲೂ ಮೂರು ತಿಂಗಳಿಗೊಮ್ಮೆ ಇವರನ್ನೆಲ್ಲ ಒಂದೇ ಜಮಖಾನೆಯ ಮೇಲೆ ಕೂರಿಸಿದರೆ ಆಗುವ ಖರ್ಚು ಚಹಾದ್ದು ಮಾತ್ರ. ಜಿಲ್ಲಾಡಳಿತ ಇದನ್ನು ಮಾಡಬೇಕೆಂದು ನಾನು ಕೇಳುತ್ತೇನೆ.

ಅಲ್ಲಿಯವರೆಗೆ ಸ್ವಯಂಸೇವಕಿಯ ನೋಟ್‌ಬುಕ್ಕಿನ ಕೊನೆಯ ಹಾಳೆ ಇದೆ. ಅದರಲ್ಲಿ ಗೆರೆ ಹಾಕಿದ ಎರಡು ಕಾಲಂ. ಎಡಕ್ಕೆ ಜೈಲು, ಕೋರ್ಟು, ಪ್ರಾಧಿಕಾರದವರ ನಂಬರು, ಬಲಕ್ಕೆ ಪಂಚಾಯಿತಿ, ಗ್ರಾಮ ಆಡಳಿತ ಅಧಿಕಾರಿ, ಸಂಘದ ಅಧ್ಯಕ್ಷೆ, ಬೀಟ್ ಪೊಲೀಸ್. ಕೆಲವು ನಂಬರು ಹೊಡೆದು ಮೇಲೆ ಹೊಸದು ಬರೆದಿದೆ, ವರ್ಗಾವಣೆಯಾದವರದು. ಆ ಹೊಡೆದ ಗೆರೆಗಳನ್ನು ತೋರಿಸಿ, "ಇವರೆಲ್ಲಾರು ಹೊಸಬ್ರು ಬಂದಾಗ ಮತ್ತ ಮೊದಲಿನಿಂದ ನಮಸ್ಕಾರ ಮಾಡ್ಕೊಂತ ಬರಬೇಕ್ರಿ" ಎಂದರು.

ಸಂಜೆ ಊರ ಕಟ್ಟೆಯ ಹತ್ತಿರ ಆಶಾ ಕಾರ್ಯಕರ್ತೆ ಸಿಕ್ಕರು. ಸ್ವಯಂಸೇವಕಿ ದನಿ ತಗ್ಗಿಸಿ, ಜೈಲಿನಲ್ಲಿ ಕ್ಷಯದ ಔಷಧಿ ಶುರು ಮಾಡಿದ್ದ ಒಬ್ಬರು ಬಿಡುಗಡೆಯಾಗಿ ಬರುವವರಿದ್ದಾರೆ, ಆರು ತಿಂಗಳ ಗುಳಿಗೆಯಲ್ಲಿ ಎರಡೇ ತಿಂಗಳು ಮುಗಿದಿದೆ ಎಂದರು. ಜೈಲಿನಲ್ಲಿ ಮಾಡಿಸಿದ ನಿಕ್ಷಯ್ ಐಡಿ ತಂದರೆ ಇಲ್ಲಿನ ಆಸ್ಪತ್ರೆಗೆ ವರ್ಗ ಮಾಡಿಸಬಹುದೆಂದು ಆಶಾ ಹೇಳಿದರು. ಐಡಿ ಯಾರ ಹತ್ತಿರ ಇರುತ್ತದೆ? ಜೈಲಿನ ದವಾಖಾನೆಯಲ್ಲಿ. ಅಲ್ಲಿನ ನಂಬರು? ನೋಟ್‌ಬುಕ್ಕಿನ ಎಡ ಕಾಲಂನಲ್ಲಿ ಅದು ಇರಲಿಲ್ಲ.

ಆಗ ಬೆಳಗಿನ ತಾಯಿಯ ಫೋನು ಬಂತು. ಹೊಲದವರು ಬಂದು ಸಹಿ ಮಾಡಿದ್ದಾರೆ, ಆದರೆ ಆದೇಶ ಜೈಲಿಗೆ ಮುಟ್ಟುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಯಿತು, ಮುಂಜಾನೆ ಬಿಡುತ್ತಾರಂತೆ. ಇವತ್ತು ರಾತ್ರಿ ರಾಯಚೂರು ಬಸ್‌ಸ್ಟ್ಯಾಂಡಿನಲ್ಲೇ ಮಲಗುತ್ತೇನೆ ಎಂದರು. ಸ್ವಯಂಸೇವಕಿ ನೋಟ್‌ಬುಕ್ಕಿನ ಮೇಲೆ ಬೆರಳಾಡಿಸಿ, ರಾಯಚೂರಿನಲ್ಲಿ ಪರಿಚಯದ ಒಂದು ಮನೆಯ ನಂಬರು ಹುಡುಕಿ ಓದತೊಡಗಿದರು. ಆಶಾ ತಮ್ಮ ಮೊಬೈಲಿನ ಟಾರ್ಚು ಹಾಕಿ ಹಾಳೆಯ ಮೇಲೆ ಹಿಡಿದರು.