ಉಂಡದ್ದು ಮೈಗೆ ಹತ್ತದ ನಾಯಿ

ಹಸಿವಿನಿಂದ ಸಾಯುವ ಪ್ರಾಣಿಯೆಂದರೆ ಅನ್ನ ದೊರೆಯದೆ ಸಾಯುವ ಪ್ರಾಣಿಯೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಹೊತ್ತುಹೊತ್ತಿಗೆ ತಟ್ಟೆ ತುಂಬ ಉಂಡು, ಉಂಡ ತಟ್ಟೆಯನ್ನು ಸದ್ದಾಗುವಂತೆ ನೆಕ್ಕಿ, ಮತ್ತೂ ಬೇಡುತ್ತ ಅಡಿಗೆಮನೆಯ ಹೊಸ್ತಿಲನ್ನು ಬಿಡದಿರುವ ನಾಯಿಯೊಂದು, ಒಡೆಯನ ಕಣ್ಣೆದುರಿನಲ್ಲಿಯೇ ಬೆನ್ನಮೂಳೆ ಎದ್ದು, ಪಕ್ಕೆಲುಬು ತೋರಿ, ರೋಮದ ಕಾಂತಿ ಅಳಿದು ಕೃಶವಾಗುತ್ತ ಹೋಗುವುದೂ ಉಂಟು. ಹಳಬರು ಅಲ್ಸೇಷಿಯನ್ ಎಂದು ಕರೆಯುತ್ತಿದ್ದ ಜರ್ಮನ್ ಷೆಫರ್ಡ್ ತಳಿಯಲ್ಲಿ ಈ ವ್ಯಾಧಿ ವಿಶೇಷವಾಗಿ ಕಾಣಿಸಿಕೊಳ್ಳುತ್ತದೆ. ಅದೂ ಮುಪ್ಪಿನಲ್ಲಲ್ಲ, ಹೆಚ್ಚಾಗಿ ಒಂದರಿಂದ ನಾಲ್ಕು ವರ್ಷದೊಳಗಣ ಏರುಜವ್ವನದಲ್ಲಿ. ಮೇದೋಜೀರಕ ಗ್ರಂಥಿಯು ತನ್ನ ಜೀರ್ಣರಸವನ್ನು ಸ್ರವಿಸಲಾರದೆ ಹೋಗುವ ಈ ಸ್ಥಿತಿಯನ್ನು ಪಶುವೈದ್ಯರು ಇ.ಪಿ.ಐ. ಎಂದು ಸಂಕ್ಷೇಪವಾಗಿ ಕರೆಯುತ್ತಾರೆ. ಇದು ಗುಣವಾಗುವ ವ್ಯಾಧಿಯಲ್ಲ. ಆದರೆ ನಿಭಾಯಿಸಲಾಗದ ವ್ಯಾಧಿಯೂ ಅಲ್ಲ. ಆ ನಿಭಾವಣೆಯಲ್ಲಿ ಕನಿಕರಕ್ಕಿಂತ ಕ್ರಮವೇ ದೊಡ್ಡದೆಂಬುದನ್ನು, ಇಂತಹ ನಾಯಿಯನ್ನು ಹತ್ತಿರದಿಂದ ಕಂಡವನಾದ ನಾನು ದೃಢವಾಗಿ ನಂಬಿದ್ದೇನೆ.

ಜಠರದ ಹಿಂದೆ, ಸಣ್ಣಕರುಳಿನ ಮೊದಲ ಬಳುಕನ್ನು ಒತ್ತಿಕೊಂಡಿರುವ ಆ ಗ್ರಂಥಿಗೆ ಎರಡು ಕಾರ್ಯಗಳು ನಿಯತವಾಗಿವೆ. ಕೊಬ್ಬನ್ನು ಒಡೆಯುವ ಲೈಪೇಸ್, ಪಿಷ್ಟವನ್ನು ಒಡೆಯುವ ಅಮೈಲೇಸ್, ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಮೊದಲಾದ ಕಿಣ್ವಗಳನ್ನು ಕರುಳಿಗೆ ಹರಿಸುವುದು ಒಂದು. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನು ರಕ್ತಕ್ಕೆ ಸೇರಿಸುವುದು ಇನ್ನೊಂದು. ಜರ್ಮನ್ ಷೆಫರ್ಡ್ ನಾಯಿಯಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ, ಕಿಣ್ವಗಳನ್ನು ತಯಾರಿಸುವ ಕೋಶಗಳನ್ನು ಶತ್ರುವೆಂದು ಬಗೆದು ಅಳಿಸುತ್ತ ಬರುತ್ತದೆ; ಇನ್ಸುಲಿನ್ ಕೊಡುವ ಕೋಶಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಈ ಗ್ರಂಥಿಗೆ ನಿಸರ್ಗವು ಕೊಟ್ಟಿರುವ ಮೀಸಲು ಶಕ್ತಿ ಎಷ್ಟು ಅಪಾರವೆಂದರೆ, ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನಾಶವಾಗುವವರೆಗೂ ಹೊರಗೆ ಏನೂ ತಿಳಿಯದು. ತಿಳಿಯುವ ವೇಳೆಗೆ ಮರಳಿ ಪಡೆಯುವಂಥದು ಉಳಿದಿರುವುದಿಲ್ಲ.

ಈ ಗ್ರಂಥಿಯ ವಿಷಯದಲ್ಲಿ ಮನುಷ್ಯನಿಗಿರುವ ಜ್ಞಾನದ ಬಹುಭಾಗ ನಾಯಿಗಳಿಂದಲೇ ಬಂದುದೆಂಬ ಸಂಗತಿಯನ್ನು ಇಲ್ಲಿ ಸ್ಮರಿಸದೆ ಮುಂದುವರಿಯುವುದು ನ್ಯಾಯವಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕ್ಲೋದ್ ಬೆರ್ನಾರ್ ಎಂಬ ಫ್ರೆಂಚ್ ಶರೀರಶಾಸ್ತ್ರಜ್ಞನು ಮೊಲ ಹಾಗೂ ನಾಯಿಗಳ ಮೇಲಿನ ಪ್ರಯೋಗಗಳಿಂದ, ಕೊಬ್ಬು ಜೀರ್ಣವಾಗುವುದರಲ್ಲಿ ಈ ರಸದ ಪಾತ್ರವನ್ನು ಸ್ಥಾಪಿಸಿದನು. ೧೮೮೯ರಲ್ಲಿ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ನಾಯಿಯ ದೇಹದಿಂದ ಗ್ರಂಥಿಯನ್ನೇ ತೆಗೆದು, ಅದಿಲ್ಲದ ಪ್ರಾಣಿಗೆ ಮಧುಮೇಹ ಬರುವುದನ್ನು ಕಂಡರು. ೧೯೨೧ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಇಬ್ಬರು ಮಾಡಿದ ಕೆಲಸವಂತೂ ನಮ್ಮ ಪ್ರಕೃತ ವಿಷಯಕ್ಕೆ ಆಶ್ಚರ್ಯಕರವಾಗಿ ಸಮೀಪವಾದುದು: ಅವರು ನಾಯಿಗಳ ಗ್ರಂಥಿಯ ನಾಳವನ್ನು ಕಟ್ಟಿ, ಜೀರ್ಣರಸದ ಕೋಶಗಳು ವಾರಗಳ ಕಾಲದಲ್ಲಿ ಒಣಗಿಹೋಗುವಂತೆ ಮಾಡಿ, ಉಳಿದ ಭಾಗದಿಂದ ಸಾರವನ್ನು ತೆಗೆದು, ಮಧುಮೇಹಕ್ಕೆ ಗುರಿಮಾಡಿದ್ದ ಬೇರೆ ನಾಯಿಗಳಿಗೆ ಚುಚ್ಚಿ ನೋಡಿದರು. ಮರುವರ್ಷದ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಕೊಡುವಷ್ಟು ದೂರ ಆ ದಾರಿ ಸಾಗಿತು. ಅಂದು ಆ ಮೂಕಪ್ರಾಣಿಗಳಲ್ಲಿ ಮನುಷ್ಯನು ಬುದ್ಧಿಪೂರ್ವಕವಾಗಿ ಉಂಟುಮಾಡಿದ ಸ್ಥಿತಿಯೇ ಇಂದು ನಮ್ಮ ಮನೆಯ ಅಂಗಳದ ನಾಯಿಗೆ ತಾನಾಗಿ ಬಂದಾಗ, ಅದರ ಶುಶ್ರೂಷೆಯನ್ನು ದಯೆಯೆಂದು ಹೇಳಿಕೊಳ್ಳಲು ನನ್ನ ಮನಸ್ಸು ಒಪ್ಪದು. ಅದು ಋಣಸಂದಾಯವೇ ಸರಿ.

ರೋಗದ ಗುರುತು ಮೊದಲು ಸಿಕ್ಕುವುದು ಮಲದಲ್ಲಿ. ನಾಯಿಯ ಗಾತ್ರಕ್ಕೆ ಮೀರಿದ ರಾಶಿ, ಸಗಣಿಯಂತೆ ಸಡಿಲ, ಹಳದಿ ಅಥವಾ ಬೂದಿಬಣ್ಣ, ಮೇಲೆ ಜಿಡ್ಡಿನ ಹೊಳಪು, ಸಹಿಸಲಾಗದ ಹುಳಿನಾತ. ಹೊಟ್ಟೆಯಲ್ಲಿ ಎದುರಿಗಿದ್ದವರಿಗೆ ಕೇಳುವಷ್ಟು ಗುಡುಗುಡು ಸದ್ದು. ಇದನ್ನು ಕಂಡ ಮನೆಯವರು ಜಂತುಹುಳುವೆಂದು ಬಗೆದು ಮದ್ದು ಹಾಕುವುದು, ಅದು ನಾಟದಿದ್ದರೆ ಆಹಾರವನ್ನು ಬದಲಾಯಿಸುವುದು, ಮತ್ತೆ ಜಂತುಮದ್ದು, ಹೀಗೆ ತಿಂಗಳುಗಳು ಉರುಳುವುದು ವಾಡಿಕೆ. ಮಲಪರೀಕ್ಷೆಯಿಂದ ಜಂತುವನ್ನು ಅಲ್ಲಗಳೆಯುವುದು ಅಗತ್ಯವೇ. ಆದರೆ ಅಲ್ಲಿಯೇ ನಿಂತುಬಿಡಬಾರದು. ಹಸಿವಿನ ಉರಿಯಲ್ಲಿ ನಾಯಿ ತನ್ನ ಮಲವನ್ನೇ ತಿನ್ನತೊಡಗಿದಾಗ ಅದನ್ನು ಹೊಡೆದು ಬಡಿದು ಶಿಕ್ಷಿಸುವ ಮನೆಗಳನ್ನು ನಾನು ಬಲ್ಲೆ. ಅರೆಬರೆ ಜೀರ್ಣವಾದ ಅನ್ನ ಅದರಲ್ಲಿ ಇನ್ನೂ ಉಳಿದಿರುವುದರಿಂದ, ಉಪವಾಸ ಬಿದ್ದ ದೇಹ ಅದನ್ನು ಅರಸಿ ಹೋಗುತ್ತದೆ; ಅದು ದುರಭ್ಯಾಸವಲ್ಲ, ವ್ಯಾಧಿಯ ಲಕ್ಷಣ. ಇದನ್ನು ತಿಳಿಯದೆ ಎತ್ತಿದ ಕೋಲಿನಷ್ಟು ಕ್ರೂರವಾದುದು ಈ ಪ್ರಕರಣದಲ್ಲಿ ಬೇರಾವುದೂ ಇಲ್ಲ.

ನಿಶ್ಚಯಕ್ಕೆ ಬರಲು ರಕ್ತದ ಒಂದು ಪರೀಕ್ಷೆಯಿದೆ, ಅದಕ್ಕೆ ಟಿ.ಎಲ್.ಐ. ಎಂದು ಹೆಸರು. ರಾತ್ರಿಯೆಲ್ಲ ಆಹಾರವಿಲ್ಲದೆ ಇರಿಸಿ ಬೆಳಗ್ಗೆ ರಕ್ತ ತೆಗೆದು ನೋಡಿದಾಗ, ಲೀಟರಿಗೆ ೨.೫ ಮೈಕ್ರೊಗ್ರಾಮಿಗಿಂತ ಕೆಳಗಿನ ಅಂಕ ಬಂದರೆ ರೋಗ ಖಚಿತವೆನ್ನಬಹುದು. ಈ ಪರೀಕ್ಷೆ ನಾಯಿಗೆಂದೇ ರೂಪಿಸಿದುದಾಗಿರಬೇಕು. ಮನುಷ್ಯರಿಗೆ ಮಾಡುವ ಅಮೈಲೇಸ್, ಲೈಪೇಸ್ ಪರೀಕ್ಷೆಗಳು ಇಲ್ಲಿ ದಾರಿ ತೋರಲಾರವು.

ಇನ್ನು ಚಿಕಿತ್ಸೆ. ಗ್ರಂಥಿ ಕೊಡಲಾರದ್ದನ್ನು ನಾವು ತಟ್ಟೆಯಲ್ಲಿ ಕೊಡುವುದು, ಇಷ್ಟೇ ಅದರ ತತ್ತ್ವ. ಹಂದಿಯ ಮೇದೋಜೀರಕದಿಂದ ತಯಾರಿಸಿದ ಪ್ಯಾಂಕ್ರಿಯಾಟಿನ್ ಪುಡಿಯನ್ನು ಪ್ರತಿಯೊಂದು ಊಟಕ್ಕೂ ಬೆರೆಸಬೇಕು. ಮೊದಮೊದಲು ನಾಯಿಯ ತೂಕದ ಪ್ರತಿ ೧೦ ಕಿಲೋಗ್ರಾಮಿಗೆ ಒಂದು ಟೀ ಚಮಚದ ಲೆಕ್ಕ, ತೂಕ ಏರಿ ಮಲ ಗಟ್ಟಿಯಾದ ಮೇಲೆ ವೈದ್ಯರ ಸಲಹೆಯಂತೆ ಸ್ವಲ್ಪಸ್ವಲ್ಪವಾಗಿ ಇಳಿಸಬಹುದು. ಅನ್ನ ಬಿಸಿಯಿರಬಾರದು, ಬಿಸಿಗೆ ಕಿಣ್ವ ಸತ್ತುಹೋಗುತ್ತದೆ. ಕೈಗೆ ಹಿತವಾಗುವಷ್ಟು ಬೆಚ್ಚಗಿದ್ದರೆ ಸಾಕು. ಮೆತ್ತಗೆ ಬೆಂದ ಅನ್ನಕ್ಕೂ ಕೋಳಿಮಾಂಸದ ಚೂರುಗಳಿಗೂ ತುಸು ನೀರು ಚಿಮುಕಿಸಿ, ಮಾಸಲು ಬಣ್ಣದ ಆ ಪುಡಿಯನ್ನು ಉದುರಿಸಿ, ಅಗುಳಗುಳಿಗೂ ತಾಗುವಂತೆ ಕಲಸಿ ಇಪ್ಪತ್ತು ನಿಮಿಷ ಬಿಟ್ಟರೆ, ಮುದ್ದೆಯಾಗಿದ್ದ ಅನ್ನ ಅಂಚುಗಳಲ್ಲಿ ಸಡಿಲಗೊಂಡು ನೀರೊಡೆದು ತೆಳ್ಳಗಾಗುವುದನ್ನು ಕಣ್ಣಾರೆ ಕಾಣಬಹುದು. ಹೀಗೆ ಕಾಯುವುದು ಜೀರ್ಣಕ್ಕೆ ಅನಿವಾರ್ಯವಲ್ಲವೆಂದು ಈಗಿನ ವೈದ್ಯರ ಮತ. ಆದರೆ ಒಣಪುಡಿ ಕೆಲವು ನಾಯಿಗಳ ತುಟಿ ಒಸಡುಗಳನ್ನು ಹುಣ್ಣಾಗಿಸುವುದರಿಂದ ಚೆನ್ನಾಗಿ ನೆನೆಯಲು ಬಿಡುವುದು ಲೇಸು. ಕಲಸುವವರೂ ಪುಡಿಯ ಧೂಳು ಮೂಗಿಗೆ ಹೋಗದಂತೆ ನೋಡಿಕೊಳ್ಳಬೇಕು. ಮನುಷ್ಯರ ಔಷಧದಂಗಡಿಯಲ್ಲಿ ದೊರೆಯುವ, ಜಠರಾಮ್ಲಕ್ಕೆ ಕರಗದ ಹೊದಿಕೆಯುಳ್ಳ ಗುಳಿಗೆಗಳು ನಾಯಿಗಳಲ್ಲಿ ಪುಡಿಯಷ್ಟು ಫಲ ಕೊಡುವುದಿಲ್ಲ. ಪುಡಿ ದುಬಾರಿಯೆನಿಸಿದವರು ಹಸಿ ಗ್ರಂಥಿಯನ್ನೇ ಹೆಚ್ಚಿ ಕೊಡುವುದೂ ಉಂಟು. ಅದನ್ನು ಹೆಪ್ಪುಗಟ್ಟಿಸಿ ತಿಂಗಳುಗಟ್ಟಲೆ ಇಡಬಹುದು, ಬೇಯಿಸಿದರೆ ಮಾತ್ರ ನಿರುಪಯುಕ್ತ. ಆದರೆ ಹಂದಿಯ ಹಸಿ ಅಂಗದಿಂದ ನಾಯಿಗೆ ಮಾರಕವಾದ ಔಜೆಸ್ಕಿ ರೋಗ ತಗುಲುವ ಭಯವಿರುವುದರಿಂದ, ವೈದ್ಯರನ್ನು ಕೇಳದೆ ಆ ಕೆಲಸಕ್ಕೆ ಕೈಯಿಡಬಾರದು.

ಆಹಾರದ ವಿಷಯದಲ್ಲಿ ನಮ್ಮ ನಾಡಿನವರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ರಾಗಿಯ ಅಂಬಲಿ, ರಾಗಿಮುದ್ದೆಗಳನ್ನುಂಡು ಬೆಳೆದ ನಾಯಿಗಳು ನಮ್ಮಲ್ಲಿ ಅಸಂಖ್ಯ; ಆರೋಗ್ಯವಂತ ನಾಯಿಗೆ ಅದರಿಂದ ಬಾಧಕವೇನೂ ಇಲ್ಲ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು ೧೧ ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ ಸುಮಾರು ೩ ಗ್ರಾಂ ಮಾತ್ರ. ಮತ್ತು ನಾರು ಹೆಚ್ಚಿದಷ್ಟೂ ಕಿಣ್ವಗಳ ಕೆಲಸಕ್ಕೆ ಅಡ್ಡಿ. ಆದುದರಿಂದ ನಮ್ಮ ಅಜ್ಜಂದಿರು ಮೆಚ್ಚಿದ ಧಾನ್ಯವನ್ನು ಈ ಒಂದು ನಾಯಿಯ ತಟ್ಟೆಯಿಂದ ದೂರವಿಡುವುದೇ ವಿಹಿತ. ಕೊಬ್ಬನ್ನು ಪೂರ್ತಿಯಾಗಿ ತೊರೆಯಬೇಕೆಂಬ ಹಳೆಯ ಕಟ್ಟಳೆಯನ್ನು ಈಗ ಸಡಿಲಿಸಿದ್ದಾರೆ. ಮೊದಲೇ ಸೊರಗಿದ ಪ್ರಾಣಿಗೆ ಕೊಬ್ಬನ್ನು ತಪ್ಪಿಸಿದರೆ ಶಕ್ತಿಯೂ, ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ತ್ವಗಳೂ ತಪ್ಪಿಹೋಗುತ್ತವೆ. ಬರಿಯ ಅನ್ನ ಮತ್ತು ಕೋಳಿಯಿಂದ ಸುಣ್ಣದಂಶ ಮೊದಲಾದುವು ಸಾಲದೆ ಬರುವುದರಿಂದ, ಮನೆಯಡಿಗೆಯನ್ನೇ ನೆಚ್ಚುವವರು ಪೂರಕಗಳ ಪಟ್ಟಿಯನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಒಂದೇ ಬಾರಿ ತುಂಬ ಹಾಕುವ ಬದಲು ಎರಡು ಮೂರು ಹೊತ್ತಿಗೆ ಹಂಚುವುದು, ಹೊತ್ತು ತಪ್ಪಿಸದಿರುವುದು, ತೂಕವನ್ನು ತೂಗಿ ಬರೆದಿಡುವುದು, ಇವೆಲ್ಲ ಸಣ್ಣ ಕೆಲಸಗಳಾದರೂ ಇಲ್ಲಿ ಇವುಗಳಿಗೇ ಬೆಲೆ.

ಬಿ೧೨ ಜೀವಸತ್ತ್ವದ ಮಾತನ್ನು ಬಿಡುವಂತಿಲ್ಲ. ಅದನ್ನು ಕರುಳು ಹೀರಿಕೊಳ್ಳಲು ಬೇಕಾದ ವಾಹಕದ್ರವ್ಯ ಮನುಷ್ಯನಲ್ಲಿ ಜಠರದಿಂದ ಬರುತ್ತದೆ. ನಾಯಿಯಲ್ಲಿ ಮುಖ್ಯವಾಗಿ ಇದೇ ಗ್ರಂಥಿಯಿಂದ. ಗ್ರಂಥಿ ಬತ್ತಿದಾಗ ಬಿ೧೨ ಕೂಡ ಬತ್ತುತ್ತದೆ. ಪುಡಿ ಸರಿಯಾಗಿ ಕೊಟ್ಟರೂ ನಾಯಿ ಚೇತರಿಸಿಕೊಳ್ಳದಿದ್ದರೆ ಮೊದಲು ಅನುಮಾನಿಸಬೇಕಾದುದು ಇದನ್ನೇ. ವಾರಕ್ಕೊಂದರಂತೆ ಆರು ವಾರ ಚರ್ಮದಡಿ ಚುಚ್ಚುಮದ್ದು, ಬಳಿಕ ತಿಂಗಳಿಗೆ ಒಂದು, ಆಮೇಲೆ ರಕ್ತಪರೀಕ್ಷೆ ಎಂಬುದು ರೂಢಿಯಲ್ಲಿರುವ ಪದ್ಧತಿ. ಬಾಯಿಯ ಮೂಲಕ ಕೊಡುವುದೂ ಫಲಕಾರಿಯೆಂದು ಕಂಡುಬಂದಿದೆ.

ಇಷ್ಟನ್ನು ತಿಳಿದ ಮೇಲೂ ಕೆಡುವುದು ಎಲ್ಲಿಯೆಂದರೆ, ಪ್ರೀತಿ ತೋರುವ ಕೈಗಳಲ್ಲಿ. ನನಗೆ ಪರಿಚಿತವಾದ ಮನೆಯೊಂದರಲ್ಲಿ ಪುಡಿ, ಚುಚ್ಚುಮದ್ದು ಎರಡೂ ತಪ್ಪದೆ ನಡೆದರೂ ನಾಯಿಯ ಹೊಟ್ಟೆ ಹಬ್ಬದ ಮಾರನೆಯ ದಿನ, ನೆಂಟರು ಬಂದ ಮಾರನೆಯ ದಿನ ಕೆಡುತ್ತಿತ್ತು. ಮನೆಯ ಹಿರಿಯಾಕೆ ಸೆರಗಿನ ಮರೆಯಿಂದ ಒಬ್ಬಟ್ಟಿನ ಚೂರನ್ನು ಕೊಡುವುದು ಮೊಮ್ಮಗನ ಕಣ್ಣಿಗೆ ಬಿತ್ತು. “ಅಜ್ಜೀ, ಪುಡಿ ಹಾಕದೆ ಏನನ್ನೂ ಕೊಡಬಾರದು ಅಂತ ಡಾಕ್ಟರು ಹೇಳಿದಾರಲ್ಲ?” ಎಂದರೆ, “ಬಾಯಿಲ್ಲದ ಪ್ರಾಣಿ ಕಣಪ್ಪ, ಹಾಗೆ ನೋಡ್ತಾ ಕೂತಿದ್ರೆ ನನ್ನ ಗಂಟಲಲ್ಲಿ ತುತ್ತು ಇಳಿಯುತ್ತಾ?” ಎಂದು ಆಕೆ. ಆ ಮಾತಿನಲ್ಲಿದ್ದ ಕರುಣೆ ಸಾಚಾ. ಆದರೆ ಅದರ ಫಲವನ್ನು ಉಣ್ಣುತ್ತಿದ್ದುದು ನಾಯಿಯ ಕರುಳು. ಆಕೆಯ ಯಜಮಾನರು ಬಹುಕಾಲ ಮಧುಮೇಹದಿಂದ ನರಳಿದವರು; ಅವರಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಕೊಟ್ಟು, ಹೊತ್ತು ನೋಡಿ ಬಡಿಸಿದವರು ಆಕೆಯೇ. ಅದೇ ಗ್ರಂಥಿಯ ಇನ್ನೊಂದು ಕೆಲಸ ನಾಯಿಯಲ್ಲಿ ನಿಂತುಹೋಗಿದೆಯೆಂದು ವೈದ್ಯರು ಬಿಡಿಸಿ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಡಿಯ ಡಬ್ಬಿಯನ್ನೂ ಚಮಚವನ್ನೂ ತನ್ನ ವಶಕ್ಕೆ ತೆಗೆದುಕೊಂಡರು. ಅಂದಿನಿಂದ ನೆಂಟರಿಷ್ಟರು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ತಡೆಯುವವರೂ ಆಕೆಯೇ.

ಅಂತಹ ಮನೆಯಲ್ಲಿಯೂ ನಡುನಡುವೆ ಹಿನ್ನಡೆಗಳುಂಟು. ಜೀರ್ಣವಾಗದ ಅನ್ನ ಕರುಳಿನಲ್ಲಿ ನಿಂತಲ್ಲಿ ಸೂಕ್ಷ್ಮಜೀವಿಗಳು ಮಿತಿಮೀರಿ ಬೆಳೆಯುವುದರಿಂದ ಕೆಲವೊಮ್ಮೆ ಟೈಲೋಸಿನ್‌ನಂತಹ ಪ್ರತಿಜೈವಿಕದ ನೆರವು ಬೇಕಾಗುತ್ತದೆ; ಅದನ್ನು ನಿರ್ಧರಿಸತಕ್ಕವರು ವೈದ್ಯರು, ಔಷಧದಂಗಡಿಯವರಲ್ಲ. ಹೊಟ್ಟೆ ಹಠಾತ್ತಾಗಿ ಉಬ್ಬಿ ನಾಯಿ ಕುಸಿದರೆ ಕರುಳು ತಿರುಚಿಕೊಂಡಿರುವ ಸಂಭವವಿದ್ದು, ಆಗ ಗಳಿಗೆಯನ್ನೂ ಕಳೆಯಬಾರದು. ಬ್ರಿಟನ್ನಿನ ಸಂಶೋಧಕರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂತಹ ೧೭೮ ನಾಯಿಗಳ ಚರಿತ್ರೆಯನ್ನು ಪರಿಶೀಲಿಸಿತು. ನೂರಕ್ಕೆ ಅರವತ್ತರಷ್ಟು ನಾಯಿಗಳು ಚಿಕಿತ್ಸೆಗೆ ಚೆನ್ನಾಗಿ ಒಗ್ಗಿದವು, ಅರ್ಧದಷ್ಟು ನಾಯಿಗಳು ಐದು ವರ್ಷಗಳಿಗೂ ಮಿಕ್ಕಿ ಬದುಕಿದವು, ಬಿ೧೨ ತೀರ ಇಳಿದಿದ್ದವುಗಳ ಆಯುಸ್ಸು ಮಾತ್ರ ಮೊಟಕಾಯಿತು. ಕೈಬಿಟ್ಟ ನಾಯಿಗಳೆಂದು ಇವುಗಳನ್ನು ಎಣಿಸುವುದು ಎಷ್ಟು ತಪ್ಪೆಂಬುದಕ್ಕೆ ಈ ಅಂಕಗಳು ಸಾಕು.

ಈ ತಳಿಗೇ ಏಕೆ ಈ ಪೀಡೆಯೆಂದರೆ, ಉತ್ತರ ತಳಿಯ ಇತಿಹಾಸದಲ್ಲಿಯೂ ರಕ್ತದಲ್ಲಿಯೂ ಅಡಗಿದೆ. ೧೮೯೯ರಲ್ಲಿ ಜರ್ಮನಿಯ ಸ್ಟೆಫನಿಟ್ಸ್ ಎಂಬ ಸೇನಾಧಿಕಾರಿ ಹೊರಾಂಡ್ ಎಂಬ ನಾಯಿಯನ್ನು ಕೊಂಡು ಅದನ್ನೇ ಮೂಲಪುರುಷನನ್ನಾಗಿಸಿ, ಹತ್ತಿರದ ಸಂಬಂಧಗಳಲ್ಲಿಯೇ ಸಂತತಿಯನ್ನು ಬೆಳೆಸಿದನು. ರೋಗವು ವಂಶಪಾರಂಪರ್ಯವಾಗಿ ಬರುವುದೆಂದು ಫಿನ್ಲೆಂಡಿನ ವೆಸ್ಟರ್‌ಮಾರ್ಕ್ ೧೯೮೦ರಲ್ಲಿ ತೋರಿಸಿದನು. ಆದರೆ ಮುಂದೆ ಆತನೂ ಸಹೋದ್ಯೋಗಿಗಳೂ ರೋಗವಿರುವ ಎರಡು ನಾಯಿಗಳನ್ನು ಕೂಡಿಸಿ ನೋಡಿದಾಗ ಎಲ್ಲ ಮರಿಗಳಿಗೂ ರೋಗ ಬರಲಿಲ್ಲವಾಗಿ, ಕಾರಣ ಒಂದೇ ಜೀನಿನಲ್ಲಿಲ್ಲವೆಂದು ಸ್ಪಷ್ಟವಾಯಿತು. ಹೀಗಿರುವುದರಿಂದ ಮರಿಯನ್ನು ನೋಡಿ ಮುಂದನ್ನು ಹೇಳುವ ಪರೀಕ್ಷೆ ಸುಲಭವಲ್ಲ. ರೋಗ ಕಂಡ ನಾಯಿಯಿಂದ ಸಂತಾನ ಪಡೆಯಬಾರದೆಂಬುದಂತೂ ನಿರ್ವಿವಾದ. ಮೊದಲ ಬೆದೆಗೇ ಹೆಣ್ಣುನಾಯಿಯನ್ನು ಕೂಡಿಸುವ ಆತುರವನ್ನು ನಮ್ಮ ಊರುಗಳ ತಳಿಗಾರರು ಬಿಟ್ಟರೆ, ರೋಗ ಹೊರಬೀಳುವ ವಯಸ್ಸನ್ನು ಅದು ದಾಟಿದೆಯೇ ಎಂಬುದಾದರೂ ತಿಳಿದೀತು. ಮರಿಗಳನ್ನು ಮಾರಿದ ಬಳಿಕ ತಾಯಿಗೋ ತಂದೆಗೋ ಇದು ಕಾಣಿಸಿಕೊಂಡರೆ, ಮರಿ ಕೊಂಡೊಯ್ದ ಪ್ರತಿಯೊಂದು ಮನೆಗೂ ಸುದ್ದಿ ಮುಟ್ಟಿಸತಕ್ಕದ್ದು. ಆಗ ಅವರು ತೂಕ ಇಳಿದು ಮಲ ಹಳದಿಗೆ ತಿರುಗಿದೊಡನೆ ಜಂತುಮದ್ದಿನಲ್ಲಿ ತಿಂಗಳು ಕಳೆಯದೆ ನೇರವಾಗಿ ರಕ್ತಪರೀಕ್ಷೆಗೆ ಹೋಗಬಹುದು.